ಉದ್ರಿ ಕೊಡುತ್ತಿದ್ದ ಪುಸ್ತಕದಂಗಡಿಯವರು

ಕೊಟ್ಟೂರಿನಲ್ಲಿ ನಮ್ಮ ಕಾಲೇಜಿನ ಎದುರು ಪುಸ್ತಕದಂಗಡಿ ಇಟ್ಟಿದ್ದವರು ಹುಡುಗರಿಗೆ ಉದ್ರಿ ಕೊಡುತ್ತಿದ್ದರು. ಕೊಡುವ ಮುಂಚೆ ಕನ್ನಡಕವನ್ನು ಹಣೆಗೇರಿಸಿ, "ರೊಕ್ಕ ಕೊಡಾಕ ಆಗ್ಲಿಲ್ಲಂದ್ರ ಬಂದು ಹೇಳ್ಬೇಕು ನೋಡು ತಮ್ಮಾ," ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು.

ಎರಡನೇ ವರ್ಷ ನಾನು ಪಠ್ಯಪುಸ್ತಕಗಳ ಜೊತೆ ಆಸೆಗೆ ಬಿದ್ದು ದುಬಾರಿ ಪೆನ್ನೊಂದನ್ನೂ ಉದ್ರಿ ತಂದೆ. ಮನೆಯಿಂದ ಬಂದ ಹಣ ಸಿನಿಮಾ, ಹೋಟೆಲಿಗೆ ಕರಗಿತು. ಎರಡು ತಿಂಗಳು ಅವರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಓಣಿಯಲ್ಲಿ ಓಡಾಡಿದೆ. ಒಂದು ಮಧ್ಯಾಹ್ನ ಅವರೇ ನನ್ನ ರೂಮಿಗೆ ಬಂದರು.

"ರೊಕ್ಕಕ್ಕ ಬಂದಿಲ್ಲಪ್ಪ. ಮಾತಾಡೋದ್ಯಾಕ ಬಿಟ್ಟಿ?"

ಹಣವೆಲ್ಲ ಖರ್ಚಾದದ್ದನ್ನು ಒಪ್ಪಿಕೊಂಡೆ. ಅವರು ತಿಂಗಳ ಖರ್ಚನ್ನೆಲ್ಲ ನನ್ನ ಕೈಯಿಂದಲೇ ಬರೆಸಿ, ವಾರಕ್ಕೆ ಎರಡು ರೂಪಾಯಿ ಕೊಡುವುದೆಂದು ಗೊತ್ತು ಮಾಡಿದರು. ಪ್ರತಿ ಶನಿವಾರ ಹೋಗಿ ಕೊಟ್ಟೆ. ಹೋದಾಗಲೆಲ್ಲ ಚಹಾ ತರಿಸಿ, ಕುಳ್ಳಿರಿಸಿಕೊಂಡು, ಕಾಲೇಜಿನ ಸುದ್ದಿ ಕೇಳುತ್ತಿದ್ದರು. ಏಳಲು ಹೊರಟರೆ ಮತ್ತೊಂದು ಪ್ರಶ್ನೆ ಹಾಕುತ್ತಿದ್ದರು.

ಕೊನೆಯ ಕಂತು ಕೊಟ್ಟ ದಿನ ನನ್ನ ಲೆಕ್ಕದ ಮೇಲೆ ಗೀಟು ಎಳೆದು, "ಶಾಣ್ಯಾ ಆದಿ ಬಿಡು," ಎಂದು ಬೆನ್ನು ತಟ್ಟಿದರು. ಆಮೇಲೆ ರಸ್ತೆಯ ಕಡೆ ನೋಡುತ್ತ, "ಮುಂದಿನ ಶನಿವಾರ ಏನಾರ ಬೇಕಾಗ್ತೈತೇನು?" ಎಂದು ಕೇಳಿದರು.

"ಏನೂ ಬ್ಯಾಡ್ರಿ," ಎಂದು ಹೆಮ್ಮೆಯಿಂದ ಹೇಳಿ ಹೊರಟುಬಂದೆ.