ಎರಡು ಬೆರಳು ಮುಂದೆ

ಹೊಲಿಗೆ ಅಂಗಡಿಯ ಬೆಂಚಿನ ಮೇಲಿರುವ ಕಂದು ದಿಂಬನ್ನು ಬಿಚ್ಚುವುದು ವರ್ಷಕ್ಕೆ ಎರಡೇ ಸಲ. ಫುಟ್‌ಬಾಲ್ ಲೀಗ್ ಶುರುವಾಗುವ ದಿನ ಒಮ್ಮೆ, ಮುಗಿಯುವ ದಿನ ಇನ್ನೊಮ್ಮೆ. ಶುರುವಿನ ದಿನ ನಾಲ್ಕು ಜನ ನಾಲ್ಕು ಚೀಟಿ ಬರೆದು ಅದರೊಳಗೆ ತುರುಕುತ್ತಾರೆ, ಅಂಗಡಿಯ ಒಡತಿ ಹೊಲಿದು ಮುಚ್ಚುತ್ತಾಳೆ. ಆಮೇಲೆ ಒಂಬತ್ತು ತಿಂಗಳು ಗಿರಾಕಿಗಳು ತಮಗೆ ಗೊತ್ತಿಲ್ಲದೆ ಆ ಭವಿಷ್ಯದ ಮೇಲೆ ಕೂತು ಏಳುತ್ತಾರೆ.

ಒಡತಿಯನ್ನು ಎಲ್ಲರೂ ಟೈಲರಮ್ಮ ಅನ್ನುತ್ತಾರೆ. ವಯಸ್ಸು ಐವತ್ತೇಳು. ಅಪ್ಪ ಚೆಂಡು ಹೊಲಿಯುತ್ತಿದ್ದವನು. ಮೂವತ್ತೆರಡು ಚರ್ಮದ ತುಂಡು, ಎರಡು ಸೂಜಿ, ಮೇಣ ಹಚ್ಚಿದ ದಾರ. ಹತ್ತು ವರ್ಷದವಳಿದ್ದಾಗಲೇ ಅವನ ಪಕ್ಕದಲ್ಲಿ ಕೂತು, ಕೊನೆಯ ಗಂಟು ಒಳಗೆ ಹೋಗಿ ಅಡಗುವಂತೆ ಎಳೆಯುವುದನ್ನು ಕಲಿತಳು. ಆ ಗಂಟನ್ನು ಕತ್ತರಿಸಬಹುದೇ ಹೊರತು ಬಿಚ್ಚಲಾಗದು. ರಜೆಯ ದಿನ ಅಪ್ಪ ಮೈದಾನಕ್ಕೆ ಕರೆದುಕೊಂಡು ಹೋಗಿ, "ನೋಡು, ಅದು ನಮ್ಮ ಕೈಯಿಂದ ಹೋದ ಚೆಂಡು" ಎಂದು ತೋರಿಸುತ್ತಿದ್ದ. ಆಟ ತಲೆಗೆ ಹತ್ತಿದ್ದು ಹಾಗೆ.

ಮಾತಾಡುವ ಹಕ್ಕು ಮಾತ್ರ ಅಷ್ಟು ಸುಲಭವಾಗಿ ಸಿಗಲಿಲ್ಲ. ಅಂಗಡಿ ತೆರೆದು ಕಪಾಟಿನ ಮೇಲೆ ಟೀವಿ ಇಟ್ಟ ಹೊಸದರಲ್ಲಿ, ಪಂದ್ಯ ನೋಡಲು ಬಂದವರು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಬಾಯಿ ಹಾಕಿದಾಗ ಒಬ್ಬ ಗಿರಾಕಿ, "ನೀವು ಗುಂಡಿ ಹಾಕಿ ಅಮ್ಮಾ" ಅಂದ. ಅವಳು ಗುಂಡಿ ಹಾಕುತ್ತಲೇ ಅವನ ತಂಡದ ಎಡಗಡೆ ಯಾಕೆ ತೂತು ಬಿದ್ದಿದೆ ಎಂದು ಹತ್ತು ನಿಮಿಷ ಬಿಡಿಸಿ ಹೇಳಿದಳು. ಅಂಗಿ ಒಯ್ಯಲು ಅವನು ಬರಲಿಲ್ಲ, ಹೆಂಡತಿಯನ್ನು ಕಳಿಸಿದ.

ಇಪ್ಪತ್ತೆರಡು ವರ್ಷದಲ್ಲಿ ಆ ಗುಂಪು ಸೋಸಿ ಮೂವರು ಉಳಿದಿದ್ದಾರೆ. ಬಸ್ ಓಡಿಸುವ ಮೈದುನ, ಕೊಳಾಯಿ ರಿಪೇರಿಯವನು, ಗಣಿತದ ಮೇಷ್ಟ್ರು. ಚೀಟಿಯ ನಿಯಮ ಟೈಲರಮ್ಮನದೇ. ವರ್ಷಕ್ಕೆ ಒಂದು ಪ್ರಶ್ನೆ. ಯಾರ ಭವಿಷ್ಯ ಸುಳ್ಳಾಗುತ್ತದೋ ಅವರು ಮುಂದಿನ ಲೀಗ್ ಮುಗಿಯುವವರೆಗೆ ಅಂಗಡಿಯಲ್ಲಿ ಫುಟ್‌ಬಾಲ್ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಕೊಳಾಯಿಯವನ ಬಾಯಿ ಕಟ್ಟಲೆಂದು ಮಾಡಿದ ನಿಯಮ ಅದು. ಒಂದು ವರ್ಷ ನಾಲ್ವರದೂ ಸುಳ್ಳಾಗಿ, ಅಂಗಡಿಯಲ್ಲಿ ಬರೀ ಹವಾಮಾನದ ಮಾತು ನಡೆದಿತ್ತು. ಆ ವರ್ಷ ಬಟ್ಟೆಗಳೆಲ್ಲ ಹೇಳಿದ ದಿನಕ್ಕೇ ತಯಾರಾದವು ಎಂದು ಗಿರಾಕಿಗಳು ಈಗಲೂ ನೆನೆಯುತ್ತಾರೆ.

ಈ ಸಲದ ಪ್ರಶ್ನೆ ಊರಿನ ತಂಡದ್ದು. ಮೇಲಿನ ದರ್ಜೆಯಲ್ಲಿ ಉಳಿಯುತ್ತದೋ, ಕೆಳಗೆ ಇಳಿಯುತ್ತದೋ? ಚೀಟಿ ಗುಟ್ಟಾಗಿರಬೇಕು ಅನ್ನುವುದು ಹೆಸರಿಗೆ ಮಾತ್ರ. ಮೂವರು ಗಂಡಸರೂ "ಇಳಿಯುತ್ತದೆ" ಎಂದು ಬರೆದರು. ಟೈಲರಮ್ಮ ಒಬ್ಬಳೇ "ಉಳಿಯುತ್ತದೆ" ಅಂದಳು.

"ಅತ್ತಿಗೆ, ಒಂದು ವರ್ಷ ಬಾಯಿ ಮುಚ್ಕೊಂಡು ಇರಕ್ಕಾಗುತ್ತಾ ನಿಮಗೆ? ಯೋಚನೆ ಮಾಡಿ," ಎಂದ ಮೈದುನ.

"ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬದುಕಿದೋನು. ನಿನಗೇನು ಗೊತ್ತು," ಎಂದು ಅವಳು ದಾರ ಕಚ್ಚಿದಳು.

ಆ ವರ್ಷವೇ ಪಂದ್ಯಗಳಿಗೆ ಕ್ಯಾಮೆರಾ ತೀರ್ಪು ಬಂತು. ಗೋಲು ಬಿದ್ದರೆ ಕುಣಿಯುವಂತಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಕೂತವರು ಪರದೆಯ ಮೇಲೆ ಗೆರೆ ಎಳೆದು, ಜೊತೆಗಾರ ಚೆಂಡು ಒದ್ದ ಗಳಿಗೆಯಲ್ಲಿ ಮುಂದಿನ ಆಟಗಾರನ ಕಾಲ್ಬೆರಳು ಎದುರಾಳಿಯ ಕಾವಲಿನವನಿಗಿಂತ ಕೂದಲೆಳೆಯಷ್ಟು ಮುಂದಿದ್ದರೂ ಆಫ್‌ಸೈಡ್ ಎಂದು ಗೋಲು ಅಳಿಸುತ್ತಾರೆ. ಮೇಷ್ಟ್ರಿಗೆ ಇದು ಹಬ್ಬ.

"ಸೆಕೆಂಡಿಗೆ ಐವತ್ತು ಚಿತ್ರ ತೆಗಿಯುತ್ತೆ ಟೈಲರಮ್ಮ. ನಿಮ್ಮ ಕಣ್ಣು ಎಷ್ಟು ತೆಗಿಯುತ್ತೆ?"

"ನನ್ನ ಕಣ್ಣು ಆಟ ನೋಡುತ್ತೆ ಮೇಷ್ಟ್ರೇ. ಚಿತ್ರ ತೆಗಿಯಲ್ಲ."

"ಅದು ಉತ್ತರ ಅಲ್ಲ."

ಅಲ್ಲವೆಂದು ಅವಳಿಗೂ ಗೊತ್ತಿತ್ತು. ಒಂಬತ್ತು ತಿಂಗಳು ಆ ಐವತ್ತು ಚಿತ್ರ ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಕೊನೆಯ ದಿನ, ಮಧ್ಯಾಹ್ನದ ಪಂದ್ಯ. ಬಾಗಿಲು ಅರ್ಧ ಎಳೆದು ನಾಲ್ವರೂ ಟೀವಿಯ ಮುಂದೆ ಕೂತರು. ಊರಿನ ತಂಡ ಒಂದು ಗೋಲಿನಿಂದ ಹಿಂದಿತ್ತು. ಸಮ ಮಾಡಿಕೊಂಡರೆ ಸಾಕು, ಉಳಿಯುತ್ತಿತ್ತು. ಎಂಬತ್ತಾರನೇ ನಿಮಿಷಕ್ಕೆ ಗೋಲು ಬಿತ್ತು. ಕೊಳಾಯಿಯವನು ತನ್ನ ಚೀಟಿಯನ್ನೇ ಮರೆತು ಇಸ್ತ್ರಿ ಮೇಜು ಗುದ್ದಿದ. ಟೈಲರಮ್ಮ ಅಲುಗಾಡಲಿಲ್ಲ. ಕ್ಯಾಮೆರಾ ಇದೆಯಲ್ಲ.

ಮೂರು ನಿಮಿಷ ಗೆರೆಗಳು ಆಚೆ ಈಚೆ ಸರಿದವು. ಕೊನೆಗೆ ಕಾಲ್ಬೆರಳು ಎರಡು ಬೆರಳಿನ ಅಗಲದಷ್ಟು ಮುಂದೆ ಎಂದು ತೀರ್ಮಾನವಾಯಿತು. ಗೋಲು ಇಲ್ಲ. ತಂಡ ಇಳಿಯಿತು.

ಗೆದ್ದ ಮೂವರ ಮುಖವೂ ಸೋತವರ ಹಾಗೆಯೇ ಇತ್ತು. ಟೈಲರಮ್ಮ ಕತ್ತರಿಸಿ ಉಳಿದಿದ್ದ ಕಡುನೀಲಿ ಕೋಟಿನ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿ, ಗುರುತು ಹಾಕುವ ಚಾಕ್‌ಪೀಸನ್ನು ಮೇಷ್ಟ್ರ ಕೈಗಿಟ್ಟಳು.

"ದಿಂಬು ಬಿಚ್ಚೋವರೆಗೆ ನನಗೆ ಬಾಯಿದೆ. ಒಂದು ಲೆಕ್ಕ ಮಾಡಿ. ನಿಮ್ಮ ಶಾಲೆ ಹುಡುಗರು ನೂರು ಮೀಟರ್ ಎಷ್ಟರಲ್ಲಿ ಓಡ್ತಾರೆ?"

"ಹದಿನಾಲ್ಕು ಸೆಕೆಂಡು. ಯಾಕೆ?"

"ಬರೀರಿ. ಸೆಕೆಂಡಿಗೆ ಎಷ್ಟಾಯ್ತು?"

"ಸುಮಾರು ಏಳು ಮೀಟರ್." ಮೇಷ್ಟ್ರು ಬರೆದರು.

"ಆ ಏಳು ಮೀಟರಲ್ಲಿ ಕ್ಯಾಮೆರಾ ಐವತ್ತು ಚಿತ್ರ ತೆಗಿಯುತ್ತೆ ಅಂತ ನೀವೇ ಹೇಳ್ತಾ ಬಂದ್ರಿ. ಹಾಗಾದ್ರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅವನು ಎಷ್ಟು ದೂರ ಹೋಗಿರ್ತಾನೆ?"

ಏಳುನೂರು ಸೆಂಟಿಮೀಟರನ್ನು ಐವತ್ತರಿಂದ ಭಾಗಿಸಲು ಮೇಷ್ಟ್ರಿಗೆ ಚಾಕ್‌ಪೀಸು ಬೇಕಿರಲಿಲ್ಲ. ಆದರೂ ಅವರು ನಿಧಾನವಾಗಿ ಬರೆದರು. ಹದಿನಾಲ್ಕು.

ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು ಬಟ್ಟೆಯ ಮೇಲೆ ಹದಿನಾಲ್ಕು ಸೆಂಟಿಮೀಟರ್ ಹಿಡಿದಳು. ಆಮೇಲೆ ಅದರ ಮೇಲೆ ಎರಡು ಬೆರಳು ಇಟ್ಟಳು. ಬೆರಳಿನ ಆಚೆ ಟೇಪು ಉದ್ದಕ್ಕೆ ಉಳಿದಿತ್ತು.

"ಒದ್ದ ಗಳಿಗೆ ಎರಡು ಚಿತ್ರದ ನಡುವೆ ಬಿದ್ದಿದ್ರೆ? ಹದಿನಾಲ್ಕು ಸೆಂಟಿಮೀಟರ್ ಕತ್ತಲಲ್ಲಿ ನಿಂತ್ಕೊಂಡು ಎರಡು ಬೆರಳನ್ನ ಅಳೀತಾರೆ. ನಾನು ಹೀಗೆ ಅಳತೆ ತಗೊಂಡಿದ್ರೆ ಊರಲ್ಲಿ ಒಬ್ಬನ ಕೋಟಿಗೂ ಗುಂಡಿ ಕೂರ್ತಿರಲಿಲ್ಲ."

ಮೇಷ್ಟ್ರು ತಮ್ಮದೇ ಕೈಬರಹದ ಮೇಲೆ ಬೆರಳಾಡಿಸಿ ಇನ್ನೊಮ್ಮೆ ಭಾಗಿಸಿ ನೋಡಿದರು.

"ಲೆಕ್ಕ ಸರಿ ಇದೆ," ಎಂದರು ಕೊನೆಗೆ. "ಅವರ ಹತ್ರ ಇದಕ್ಕಿಂತ ಚುರುಕಾದ ಯಂತ್ರ ಇರಬಹುದು. ಆದ್ರೆ ಐವತ್ತು ಅಂತ ಮೆರೆದೋನು ನಾನೇ. ಈ ಸಲ ಚೀಟಿ ಬೇಡ, ಬಿಟ್ಟುಬಿಡೋಣ. ನೀವು ಸೋತಿದ್ದೀರಿ ಅನ್ನಕ್ಕೆ ನನಗೆ ಬಾಯಿ ಬರಲ್ಲ."

"ಹೌದು ಅತ್ತಿಗೆ, ಈ ಸಲ ಮಾಫಿ," ಎಂದ ಮೈದುನ.

ಟೈಲರಮ್ಮ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ದಿಂಬಿನ ಮುಂದೆ ಕೂತಳು.

"ಮಾಫಿ ಯಾರಿಗೆ ಬೇಕು? ತಂಡ ಇಳೀತು. ನನ್ನ ಚೀಟಿ ಸುಳ್ಳಾಯ್ತು. ನಿಯಮ ಮಾಡಿದೋಳು ನಾನು, ನನಗೆ ಅಂತ ಬೇರೆ ಗೆರೆ ಎಳ್ಕೊಳಲ್ಲ. ಇಪ್ಪತ್ತೆರಡು ವರ್ಷ ಈ ಬಾಯಿಗೆ ಜಾಗ ಮಾಡ್ಕೊಂಡಿದ್ದೀನಿ, ನಿಮ್ಮ ದಯೆಯಿಂದ ಅದನ್ನ ಉಳಿಸ್ಕೊಳಲ್ಲ. ಆದ್ರೆ ಒಂದು ತಿಳ್ಕೊಳಿ. ಅದು ಗೋಲು."

ಅಷ್ಟು ಹೇಳಿ ಮೊದಲ ಹೊಲಿಗೆ ಕತ್ತರಿಸಿದಳು.

ಹೊಸ ಲೀಗ್ ಶುರುವಾದ ದಿನ ಮೂವರೂ ಅಂಗಡಿಗೆ ಬಂದಾಗ ಟೀವಿಯ ಪಕ್ಕದ ಗೋಡೆಯ ಮೇಲೆ ಆ ನೀಲಿ ಬಟ್ಟೆ ಚೌಕಟ್ಟಿನಲ್ಲಿ ಕೂತಿತ್ತು. ಚಾಕ್‌ಪೀಸಿನ ಅಂಕಿಗಳ ಮೇಲೆಲ್ಲ ಮೇಣ ಹಚ್ಚಿದ ಕೆಂಪು ದಾರದ ಹೊಲಿಗೆ ಓಡಿತ್ತು. ಮೇಷ್ಟ್ರ ಕೈಬರಹದ ಓರೆ ಏಳು ಕೂಡ ಹಾಗೆಯೇ ಇತ್ತು. ಕೆಳಗೆ ಎರಡು ಬೆರಳಿನ ಗುರುತು. ಗಂಟು ಎಲ್ಲಿದೆ ಎಂದು ಕೊಳಾಯಿಯವನು ಹುಡುಕಿದ, ಸಿಗಲಿಲ್ಲ.

ಟೈಲರಮ್ಮ ಮಾತಾಡಲಿಲ್ಲ. ಚೀಟಿ ಬರೆಯಬಾರದು ಎಂದು ನಿಯಮದಲ್ಲಿ ಇರಲಿಲ್ಲ. "ಈ ವರ್ಷವೇ ಮೇಲೆ ಬರುತ್ತದೆ" ಎಂದು ದಪ್ಪಕ್ಷರದಲ್ಲಿ ಬರೆದು, ಮೂವರಿಗೂ ತೋರಿಸಿ, ದಿಂಬಿನೊಳಗೆ ಹಾಕಿ ಹೊಲಿದಳು.

ಮೂರನೇ ವಾರ ಬೇರೆ ಯಾವುದೋ ತಂಡದ ಗೋಲನ್ನು ಕ್ಯಾಮೆರಾ ಅಳಿಸಿತು. ಪ್ಯಾಂಟು ಚಿಕ್ಕದು ಮಾಡಿಸಲು ಬಂದಿದ್ದ ಹೊಸ ಗಿರಾಕಿಯೊಬ್ಬ ಟೀವಿ ನೋಡಿ, "ಯಂತ್ರ ಸುಳ್ಳು ಹೇಳುತ್ತಾ?" ಎಂದ. ಟೈಲರಮ್ಮ ತಲೆ ಎತ್ತದೆ ಕತ್ತರಿಯ ತುದಿಯನ್ನು ಗೋಡೆಯ ಕಡೆ ಚಾಚಿದಳು.

"ಬನ್ನಿ ಸ್ವಾಮಿ, ಇಲ್ಲಿ ಬನ್ನಿ," ಎಂದು ಮೇಷ್ಟ್ರು ಎದ್ದರು. "ಸೆಕೆಂಡಿಗೆ ಏಳು ಮೀಟರ್ ಅಂತ ಇಟ್ಕೊಳಿ."

ಅವರು ಪೂರ್ತಿ ವಿವರಿಸುವಷ್ಟರಲ್ಲಿ ಟೈಲರಮ್ಮ ಪ್ಯಾಂಟಿನ ಒಂದು ಕಾಲು ಮಡಿಸಿ ಹೊಲಿದು ಮುಗಿಸಿದ್ದಳು.