ವೆಬ್ ಸರ್ವರ್ ನುಂಗಿದ ವಿಳಾಸ

ನಾಲ್ಕು ವರ್ಷಗಳ ಹಿಂದಿನ ಫೆಬ್ರವರಿ. ಆಗ ನಾನು ರಾಣೆಬೆನ್ನೂರಿನಲ್ಲಿ ಸರ್ವರ್‌ಗಳ ನಿರ್ವಹಣೆಯ ಸಣ್ಣ ಕಚೇರಿ ನಡೆಸುತ್ತಿದ್ದೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮಾಲೀಕ ಶೇಖರಪ್ಪನವರು ಬೆಳಿಗ್ಗೆಯೇ ಫೋನ್ ಮಾಡಿದರು. ಮೆಣಸಿನಕಾಯಿ ಚೀಲ ಇಡುವ ಜಾಗವನ್ನು ರೈತರೇ ಮೊಬೈಲ್‌ನಲ್ಲಿ ಬುಕ್ ಮಾಡುವ ವ್ಯವಸ್ಥೆ ಅಂದೇ ಶುರುವಾಗಿತ್ತು. ಅದನ್ನು ಕಟ್ಟಿಕೊಟ್ಟವರು ಬೇರೆ ಯಾರೋ, ಈಗ ಫೋನ್ ಎತ್ತುತ್ತಿರಲಿಲ್ಲ. "ಮೇಡಮ್ಮಾರ, ಲಗೂ ಬರ್ರಿ, ನನ್ನ ಮಾನ ಹೊಂಟೈತಿ," ಎಂದರು.

ಹೋಗಿ ನೋಡಿದರೆ ಗೇಟಿನ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಮೂರು ಬುಕಿಂಗ್ ಆದ ಮೇಲೆ ಉಳಿದವರಿಗೆಲ್ಲ 'ನಿಮ್ಮ ಮಿತಿ ಮುಗಿದಿದೆ' ಎಂಬ ಉತ್ತರ ಬರುತ್ತಿತ್ತು. ಗ್ರಹಚಾರಕ್ಕೆ ಆ ಮೂರೂ ಮೇಡ್ಲೇರಿಯ ಗಂಗವ್ವನವರ ಮನೆಯವು, ಗಂಗವ್ವನವರು ಶೇಖರಪ್ಪನವರ ಸೋದರತ್ತೆ. ಕುಪ್ಪೇಲೂರಿನ ರೈತ ಫಕ್ಕೀರಪ್ಪ ಎಲ್ಲರೆದುರೇ ಅಂದುಬಿಟ್ಟಿದ್ದ: "ಅಳಿಯನ ಗೋದಾಮು, ಅತ್ತಿ ಹಿಂದಿನ ಬಾಗಲದಿಂದ ಹೊಕ್ಕಾಳ."

ಗಂಗವ್ವನವರು ಕಚೇರಿಯೊಳಗೆ ಮುಖ ಬಾಡಿಸಿಕೊಂಡು ಕೂತಿದ್ದರು. "ನಮ್ಮವು ಮೂರೂ ತಗದು ಹಾಕಪಾ, ನಿನ್ನ ಹೆಸರರ ಉಳೀಲಿ," ಎಂದು ಅಳಿಯನಿಗೆ ಹೇಳಿದರು. ಶೇಖರಪ್ಪನವರೂ ತಯಾರಾಗಿದ್ದರು. ನನಗೆ ಸಿಟ್ಟು ಬಂತು. ತೆಗೆದರೆ ಕದ್ದದ್ದನ್ನು ಒಪ್ಪಿಕೊಂಡ ಹಾಗೆ. ಆಮೇಲೆ ಆ ಹೆಂಗಸು ಈ ಗೇಟಿಗೆ ತಲೆಯೆತ್ತಿ ಬರುವಂತಿರಲಿಲ್ಲ. "ಏನೂ ತಗೀಬ್ಯಾಡ್ರಿ, ನಾ ನೋಡೋತನಕ ಸುಮ್ನ ಕುಂದ್ರಿ," ಎಂದು ಇಬ್ಬರಿಗೂ ಹೇಳಿ ಲ್ಯಾಪ್‌ಟಾಪ್ ತೆರೆದೆ.

ಇಂಥ ವ್ಯವಸ್ಥೆಯಲ್ಲಿ ವೆಬ್ ಸರ್ವರ್ ಮುಂದೆ ನಿಂತು, ಬಂದ ಕೋರಿಕೆಗಳನ್ನು ಹಿಂದಿರುವ ಅಪ್ಲಿಕೇಶನ್ ಸರ್ವರ್‌ಗೆ ದಾಟಿಸುತ್ತದೆ. ಜಾಗ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಹಿಂದಿನದರದು. ದೊಡ್ಡ ವ್ಯಾಪಾರಿಗಳು ಹತ್ತಾರು ಹೆಸರಲ್ಲಿ ಜಾಗ ಹಿಡಿಯಬಾರದೆಂದು, ಕೋರಿಕೆ ಎಲ್ಲಿಂದ ಬಂತೆಂದು ತೋರಿಸುವ ಒಂದು ಇಂಟರ್‌ನೆಟ್ ವಿಳಾಸಕ್ಕೆ ಮೂರೇ ಬುಕಿಂಗ್ ಎಂಬ ನಿಯಮ ಅದರಲ್ಲಿತ್ತು. ಕೋರಿಕೆಗಳ ದಾಖಲೆಯಿರುವ ಲಾಗ್ ತೆರೆದಾಗ ನಗು ತಡೆಯಲಾಗಲಿಲ್ಲ. ಯಾವ ಊರಿನಿಂದ ಬಂದರೂ ವಿಳಾಸ 127.0.0.1, ಅಂದರೆ ಆ ಯಂತ್ರದ ಸ್ವಂತ ವಿಳಾಸ. ವೆಬ್ ಸರ್ವರ್ ಕೋರಿಕೆಯನ್ನು ಒಳಗೆ ಕಳಿಸುತ್ತಿತ್ತು, ಕೇಳಿದವರು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಅಪ್ಲಿಕೇಶನ್ ಇಡೀ ಹಾವೇರಿ ಜಿಲ್ಲೆಯನ್ನು ಒಬ್ಬನೇ ಆಸಾಮಿ ಎಂದು ತಿಳಿದಿತ್ತು.

ಮೂಲ ವಿಳಾಸವನ್ನೂ ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ, ಕೋರಿಕೆಯ ಮೇಲೆ ಅಂಟಿಸುವ ಚೀಟಿಯಂಥ ಹೆಡರ್‌ನಲ್ಲಿ ಕಳಿಸುವಂತೆ ವೆಬ್ ಸರ್ವರ್‌ನ ಕಾನ್ಫಿಗರೇಶನ್‌ಗೆ ಒಂದು ಸಾಲು ಸೇರಿಸಿದೆ. ಆ ಹೆಡರ್ ನಮ್ಮ ವೆಬ್ ಸರ್ವರ್‌ನಿಂದ ಬಂದರೆ ಮಾತ್ರ ನಂಬಬೇಕೆಂದು ಅಪ್ಲಿಕೇಶನ್‌ಗೂ ತಿಳಿಸಿದೆ, ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ವಿಳಾಸ ಕಳಿಸಬಹುದು. ಎರಡನ್ನೂ ರೀಲೋಡ್ ಮಾಡಿ ಗೇಟಿಗೆ ಹೋಗಿ, ಆದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ.

"ಫಕ್ಕೀರಪ್ಪಾರ, ಮೊದಲು ನೀವ ಒತ್ರಿ," ಎಂದೆ.

ಒತ್ತಿದ. ಬುಕಿಂಗ್ ಆಯಿತು. ಹಿಂದೆಯೇ ಒಬ್ಬೊಬ್ಬರ ಫೋನೂ ಟಿಣ್ ಎನ್ನತೊಡಗಿತು. ನಾನು ಎದೆಯುಬ್ಬಿಸಿಯೇ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಫಕ್ಕೀರಪ್ಪ ಕಚೇರಿಯೊಳಗೆ ಬಂದು ಮೆಲ್ಲಗೆ, "ತಪ್ಪಾತವ್ವ," ಎಂದ.

"ಇಲ್ಲಿ ಯಾಕ ಹೇಳ್ತಿ?" ಎಂದರು ಗಂಗವ್ವ. "ಹೊರಗ ಮಂದಿ ಮುಂದ ಅಂದೀದಿ. ಅಲ್ಲೇ ಹೇಳು, ನಡಿ."

ಆತ ಗೇಟಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಗಂಗವ್ವನವರು ಆ ಜನರ ನಡುವೆಯೇ ನಡೆದು ಹೋಗಿ ತಮ್ಮ ಟ್ರ್ಯಾಕ್ಟರ್ ಒಳಗೆ ತರಿಸಿದರು.

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಆಡಿದವರ ಗುರುತೂ ಜೊತೆಗೆ ಹೋಗಬೇಕೆಂದು ಈ ಕೆಲಸ ನನಗೆ ಕಲಿಸಿತು. ಅದು ಹೋಗದಿದ್ದರೆ ಏನಾಗುತ್ತದೆಂದು ಕೇಳುವವರಿಗೆ ನಾನು ಅಂದು ಕಚೇರಿಯೊಳಗೆ ಕೂತಿದ್ದ ಗಂಗವ್ವನವರ ಮುಖ ಹೇಗಿತ್ತೆಂದು ಹೇಳುತ್ತೇನೆ.