ಮಾಳಿಗೆಯ ಹುಲ್ಲು, ಸ್ಪೇನಿನ ಮನೆ

ಎಪ್ಪತ್ತರ ದಶಕದಲ್ಲಿ ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಗೆ ಮಾಸ್ತರನಾಗಿ ಹೋದೆ. ನಾನು ಹುಟ್ಟಿದ್ದು ಕಲಘಟಗಿ ಕಡೆ, ಹಂಚಿನ ಮನೆಯಲ್ಲಿ. ಇಲ್ಲಿ ಕಣ್ಣು ಹಾಯುವಷ್ಟೂ ಕರಿ ನೆಲ, ಮಣ್ಣು ಬಡಿದ ಸಪಾಟು ಚಾವಣಿಯ ಮಾಳಿಗೆ ಮನೆಗಳು. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಮಾತಾಡುತ್ತಿದ್ದವರು ಮನೆಯ ಮಾಲೀಕರೊಬ್ಬರೇ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿ ತೀರಿಕೊಂಡ ಮೇಲೆ ಅರ್ಧ ಮನೆ ಖಾಲಿಯಾಗಿತ್ತು. ಆ ಅರ್ಧದಲ್ಲಿ ನಾನಿದ್ದೆ. ಗುಡಗೇರಿಗೆ ಕೊಟ್ಟ ಮಗಳು ಬಂದಾಗಲೆಲ್ಲ ತನ್ನ ಮನೆಗೆ ಕರೆಯುತ್ತಿದ್ದಳು. "ಮಾಳಿಗಿ ಸೋರೂತನಕಾ ನಾ ಎಲ್ಲೂ ಬರಂಗಿಲ್ಲ ನೋಡವಾ," ಎಂದು ಕಾಕಾ ನಗುತ್ತಿದ್ದರು. ಅವರೂ ಹೋಗಿಬಿಟ್ಟರೆ ನನ್ನ ಗತಿ ಏನೆಂದು ನನಗೆ ಒಳಗೊಳಗೇ ಪುಕುಪುಕು.

ಹಾಜರಿ ಪುಸ್ತಕಗಳಿಗೆ ಹೊದಿಕೆ ಹಾಕಲು ಹುಬ್ಬಳ್ಳಿಯಿಂದ ತಂದ ರದ್ದಿಯಲ್ಲಿ ಒಮ್ಮೆ ಬಣ್ಣದ ಹಾಳೆಯೊಂದು ಸಿಕ್ಕಿತು. ಸ್ಪೇನ್ ದೇಶದ ಯಾವುದೋ ಊರು. ಗುಡ್ಡವನ್ನೇ ಕೊರೆದು ಮನೆ ಮಾಡಿಕೊಂಡಿದ್ದರು. ಮೇಲೆ ಹುಲ್ಲು, ಹುಲ್ಲಿನ ನಡುವೆ ಬಿಳಿ ಹೊಗೆಗೂಡು, ಅದರ ಪಕ್ಕ ಒಂದು ಆಡು. ಬಾಗಿಲು ಕಾಣದಿದ್ದರೆ ಗುಡ್ಡ ಯಾವುದು, ಮನೆ ಯಾವುದು ತಿಳಿಯುವಂತಿರಲಿಲ್ಲ.

ಕಾಕಾ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ರಿ ಮಾಸ್ತರ್ರ, ನೆಲದಾಗ ಜ್ವಾಳಾ ತುಂಬೂ ಹಗೇವಿನ್ಯಾಗ ಮಂದೀನ ತುಂಬ್ಯಾರಲ್ಲ!"

"ಬ್ಯಾಸಗ್ಯಾಗ ಅಗದಿ ತಂಪಂತ್ರಿ, ಕಾಕಾ."

"ಇರಲಿ. ಬೀಗರು ಬಂದ್ರ ಮನಿ ಹೆಂಗ ಹುಡುಕಬೇಕು? ಆಡಿಗೆ ಕೇಳಬೇಕೇನು?"

ಚಿತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಹೊಲದ ಹಾದಿಯಲ್ಲಿ ಒಬ್ಬನೇ ನಡೆದು ತಿರುಗಿ ನೋಡಿದರೆ ನಮ್ಮ ಮಾಳಿಗೆಯೂ ಒಣಹುಲ್ಲು ಹೊತ್ತು ನೆಲದ ಉಬ್ಬಿನಂತೆ ಕಾಣುತ್ತಿತ್ತು. ಪರವೂರಿನ ನಾನೂ ಆ ನೆಲಕ್ಕೆ ಸೇರಿದವನೆಂದು ಒಂದು ಗಳಿಗೆ ಅನ್ನಿಸುತ್ತಿತ್ತು.

ಮುಂಗಾರಿಗೆ ಮೊದಲು ಮಾಳಿಗೆಯ ಹುಲ್ಲನ್ನು ಬೇರುಸಹಿತ ಕಿತ್ತು, ನೀರಿಳಿಯಗೊಡದ ಕರಲು ಮಣ್ಣು ಹರಡಿ ಬಡಿಯುವುದು ಅಲ್ಲಿಯ ರೂಢಿ. ಕಾಕಾ ನಿಚ್ಚಣಿಕೆ ಇಟ್ಟಾಗ ನಾನು ಅಡ್ಡ ನಿಂತೆ. "ನನ್ನ ಬಾಜೂದ್ದು ಹಂಗ ಬಿಡ್ರಿ. ಈ ವರ್ಷ ಅಷ್ಟ."

"ಹುಚ್ಚ ಅದೀರಿ ನೀವು," ಎಂದರು. ಆದರೂ ಬಿಟ್ಟರು.

ಮಳೆ ಶುರುವಾದ ಮೂರನೆಯ ದಿನ ಬೇರಿನ ಜಾಡು ಹಿಡಿದು ನೀರಿಳಿಯಿತು. ನನ್ನ ಬದಿಯಿಂದ ನಡುಗೋಡೆಗೆ, ಅಲ್ಲಿಂದ ಅವರ ಹಾಸಿಗೆಗೆ. ಕಾಕಾ ಗೋಣಿಚೀಲ ತಲೆಗೆ ಹಾಕಿಕೊಂಡು ಮೇಲೆ ಹತ್ತಿ ಮಣ್ಣು ತುಳಿದರು; ನಾನು ಬುಟ್ಟಿ ಏರಿಸಿಕೊಟ್ಟೆ. ಸೋರುವುದು ನಿಲ್ಲಲಿಲ್ಲ. ಒಂದು ಮುಂಜಾನೆ ನಡುಗೋಡೆ ಕುಸಿದು ಕೂತಿತು.

ಸುದ್ದಿ ಕೇಳಿ ಮಗಳು ಬಂದಳು. ಮೇಲೆ ನೋಡಿ, "ಈ ಕಡೀದು ಹುಲ್ಲ ಯಾಕ ತಗದಿಲ್ಲಪ್ಪಾ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ, "ಮರತೆ ಬಿಡವಾ. ವಯಸ್ಸಾತು," ಎಂದರು.

"ಅದಕ್ಕ ನಮ್ಮಲ್ಲಿ ಬಾ ಅನ್ನೂದು."

ಕಾಕಾ ಟ್ರಂಕು ತೆಗೆದು ಬಟ್ಟೆ ತುಂಬತೊಡಗಿದರು. ಹುಲ್ಲು ಉಳಿಸಿದವನು ನಾನೆಂದು ಹೇಳಬೇಕಿತ್ತು. ಮಾಸ್ತರನೆಂಬ ಮರ್ಯಾದೆಗೆ ಅಂಜಿ ಹೇಳಲಿಲ್ಲ. ಅವರ ಟ್ರಂಕು ಎತ್ತಿ ಅಣ್ಣಿಗೇರಿ ಸ್ಟೇಷನ್ನಿಗೆ ಹೊರಟ ಚಕ್ಕಡಿಯಲ್ಲಿಟ್ಟೆ.

"ಗ್ವಾಡಿ ಗಟ್ಟಿ ಇರೂ ಕಡೆ ಮಲ್ಕೋರಿ, ಮಾಸ್ತರ್ರ," ಎಂದರು ಕಾಕಾ.

ಆಮೇಲೂ ಎರಡು ಮಳೆಗಾಲ ಆ ಮನೆಯ ಗಟ್ಟಿ ಉಳಿದ ಬದಿಯಲ್ಲಿದ್ದೆ. ಇಡೀ ಮಾಳಿಗೆಯ ಹುಲ್ಲನ್ನು ನಾನೊಬ್ಬನೇ ಕಿತ್ತೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದರೆ ಗುಡಗೇರಿ ಒಂದು ದಿನದ ಹಾದಿಯೂ ಅಲ್ಲ. ಹೋಗಿ ಆ ಮಗಳಿಗೆ ನಿಜ ಹೇಳಬಹುದಿತ್ತು. ಹೋಗಲಿಲ್ಲ.